ದೂರಶಿಕ್ಷಣದ ಪದವಿ: ಹಣ ಕಟ್ಟುವ ಮುನ್ನ ಪರೀಕ್ಷಿಸಿ



ಮುಂಗಾರಿನ ಶೇಂಗಾ, ಮೆಕ್ಕೆಜೋಳ ಮಾರಿದ ಹಣ ಕೈಸೇರುವ ಹೊತ್ತಿಗೆ ದೂರಶಿಕ್ಷಣದ ಜನವರಿ ಪ್ರವೇಶವೂ ಆರಂಭವಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬೇಸಾಯ ಬಿಟ್ಟು ಕಾಲೇಜಿಗೆ ಹೋಗಲಾಗದ ಯುವಕ ಯುವತಿಯರು ಅನೇಕರಿದ್ದಾರೆ. ಮನೆಯಲ್ಲಿದ್ದುಕೊಂಡೇ ಬಿ.ಎಸ್ಸಿ. ಕೃಷಿ ಅಥವಾ ಇಂಜಿನಿಯರಿಂಗ್ ಪದವಿ ಪಡೆಯಬಹುದೇ ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಸಾಧ್ಯವಿಲ್ಲ ಎಂಬುದೇ ಇದಕ್ಕೆ ಉತ್ತರ.

ಯಾವುದಕ್ಕೆ ಅವಕಾಶವಿಲ್ಲ?

ಕೃಷಿ, ತೋಟಗಾರಿಕೆ, ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ ಪದವಿಗಳನ್ನು ಅಂಚೆಯ ಮೂಲಕವಾಗಲಿ, ಆನ್‌ಲೈನ್ ಮೂಲಕವಾಗಲಿ ಕೊಡಲು ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯು.ಜಿ.ಸಿ., ಅನುಮತಿ ನೀಡುವುದಿಲ್ಲ. ಬೆಳೆಯ ರೋಗವನ್ನು ಹೊಲದಲ್ಲಿ ನಿಂತೇ ಗುರುತಿಸಲು ಕಲಿಯಬೇಕು. ದೂರಶಿಕ್ಷಣದಲ್ಲಿ ಪಡೆದ ಇಂಜಿನಿಯರಿಂಗ್ ಪದವಿಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2017ರ ನವೆಂಬರಿನಲ್ಲಿ ನೀಡಿದ ತೀರ್ಪಿನಿಂದ ಅನೇಕರು ಪದವಿಯನ್ನೂ ಅದರಿಂದ ಬಂದ ಸೌಲಭ್ಯವನ್ನೂ ಕಳೆದುಕೊಂಡರು.

ಬೀಜದ ಚೀಟಿಯಂತೆ ಓದಿ

ಪ್ರಮಾಣಿತ ಬೀಜ ಕೊಳ್ಳುವಾಗ ತಾವು ಚೀಲದ ನೀಲಿ ಚೀಟಿಯಲ್ಲಿ ತಳಿ, ಲಾಟ್ ಸಂಖ್ಯೆ, ಅವಧಿ ನೋಡುತ್ತೀರಿ. ಹೋದ ವರ್ಷದ ಚೀಟಿ ಈ ವರ್ಷದ ಬೀಜಕ್ಕೆ ಸಲ್ಲದು. ದೂರಶಿಕ್ಷಣದ ಮನ್ನಣೆಯೂ ಹಾಗೆಯೇ: ಸಂಸ್ಥೆಯ ಹೆಸರಿಗಷ್ಟೇ ಅಲ್ಲ, ಆಯಾ ಕೋರ್ಸಿಗೆ, ಆಯಾ ಅವಧಿಗೆ ಸಿಗುತ್ತದೆ. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೂ 2013-14ರಿಂದ ಮನ್ನಣೆ ಇರಲಿಲ್ಲ. 2018ರಲ್ಲಿ ಅದು ಮರಳಿ ದೊರೆಯಿತು. ಸರ್ಕಾರಿ ಸಂಸ್ಥೆಯೆಂದು ವಿಚಾರಿಸದೆ ಸೇರಬಾರದು ಎಂಬುದಕ್ಕೆ ಇದೇ ಸಾಕ್ಷಿ.

ಅನುಸರಿಸಬೇಕಾದ ಕ್ರಮಗಳು

1. ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗವಾದ ಡಿ.ಇ.ಬಿ. ಜಾಲತಾಣದಲ್ಲಿ ವಿಶ್ವವಿದ್ಯಾನಿಲಯ, ಕೋರ್ಸು, ಪ್ರವೇಶದ ವರ್ಷ ಈ ಮೂರನ್ನೂ ನೋಡಿ. ಒಂದು ಹೊಂದದಿದ್ದರೂ ಸೇರಬೇಡಿ.

2. ಬೆಂಗಳೂರಿನ ನ್ಯಾಕ್ ಸಂಸ್ಥೆ ನೀಡುವ ಶ್ರೇಣಿ ಗುಣಮಟ್ಟದ ಗುರುತು ಮಾತ್ರ. ಅದೊಂದರಿಂದಲೇ ದೂರಶಿಕ್ಷಣಕ್ಕೆ ಅನುಮತಿ ಸಿಕ್ಕಂತಾಗದು.

3. ಶುಲ್ಕವನ್ನು ವಿಶ್ವವಿದ್ಯಾನಿಲಯಕ್ಕೇ ನೇರವಾಗಿ ಕಟ್ಟಿ ರಸೀದಿ ಪಡೆಯಿರಿ. ದೂರಶಿಕ್ಷಣವನ್ನು ಖಾಸಗಿಯವರಿಗೆ ಫ್ರಾಂಚೈಸಿ ಕೊಡುವುದು ನಿಷಿದ್ಧ. ಮಧ್ಯವರ್ತಿಯ ಕೈಗೆ ಹಣ ಕೊಡಬೇಡಿ.

4. ವಿದ್ಯಾರ್ಥಿಯು ಡಿ.ಇ.ಬಿ. ಗುರುತಿನ ಸಂಖ್ಯೆ ಪಡೆಯುವುದು 2024ರಿಂದ ಕಡ್ಡಾಯ. ಅದು ಬೇಡವೆನ್ನುವವರನ್ನು ನಂಬಬೇಡಿ.

5. ಪರೀಕ್ಷೆ ಬರೆಯದೆ, ಒಂದೇ ವರ್ಷದಲ್ಲಿ ಪದವಿ ಕೊಡಿಸುವೆವೆಂಬ ಮಾತಿಗೆ ಮರುಳಾಗಬೇಡಿ.

ಹಾಗಾದರೆ ಏನು ಓದಬಹುದು?

ಕಂಪ್ಯೂಟರ್ ಕಲಿಯುವವರಿಗೆ 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಬಿ.ಸಿ.ಎ. ಇದೆ. ಒಣಬೇಸಾಯಗಾರರಿಗೆ ಅದೇ ಸಂಸ್ಥೆ ಜಲಾನಯನ ನಿರ್ವಹಣೆಯ ಡಿಪ್ಲೊಮಾ ರೂಪಿಸಿದೆ. ಇವಕ್ಕೂ ಸೇರುವ ವರ್ಷದ ಮನ್ನಣೆ, ಪಾಠದ ಭಾಷೆ, ಹತ್ತಿರದ ಅಧ್ಯಯನ ಕೇಂದ್ರ ವಿಚಾರಿಸಿಕೊಳ್ಳಿ. ಮನ್ನಣೆ ಪಡೆದ ದೂರಶಿಕ್ಷಣ ಪದವಿ ಕಾಲೇಜಿನ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ.

ಕೃಷಿ ಪದವಿಯೇ ಬೇಕೆಂದರೆ ಸಿ.ಇ.ಟಿ. ಬರೆದು ಕೃಷಿ ಕಾಲೇಜು ಸೇರುವುದೇ ದಾರಿ. ಅಲ್ಲಿ ಕೃಷಿಕರ ಮಕ್ಕಳಿಗೆಂದು ಮೀಸಲಿಟ್ಟ ಸೀಟುಗಳಿವೆ; ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲಿ ದುಡಿದ ಮಕ್ಕಳಿಗೆ ಅದು ಕಷ್ಟವಾಗಲಾರದು.

ಬಿತ್ತಿದ ಬೀಜ ಮೊಳೆಯದಿದ್ದರೆ ಒಂದು ಹಂಗಾಮು ಹೋದೀತು. ಮನ್ನಣೆಯಿಲ್ಲದ ಪದವಿಯಿಂದ ಮಗನ ಅಥವಾ ಮಗಳ ಮೂರು ವರ್ಷ ಹೋಗುತ್ತದೆ. ಆದ್ದರಿಂದ ವಿಚಾರಿಸಿ, ಆಮೇಲೆ ಹಣ ಕಟ್ಟಿ.