ಗಡಿ ಕಾಯ್ದವರಿಗೊಂದು ಸೂರು

ಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುತ್ತಿದ್ದೆ. ಎಂಟನೆಯ ಇಯತ್ತೆಯ ಹುಡುಗನೊಬ್ಬ ‘ಮನೆಯ ವಿಳಾಸ’ ಎಂಬಲ್ಲಿ ಏನೂ ಬರೆಯದೆ ಪೆನ್ನು ಕಚ್ಚುತ್ತ ಕುಳಿತಿದ್ದ. ಕೇಳಿದರೆ, “ನಮಗ ಸ್ವಂತ ಮನಿ ಇಲ್ರೀ ಸರ್. ಸಣ್ಣ ಮುತ್ಯಾನ ಮನಿ ಪಡಸಾಲ್ಯಾಗ ಇದ್ದೀವಿ. ನಮ್ಮ ಮುತ್ಯಾ ಮಿಲಿಟ್ರಿಯಾಗ ಇದ್ದಾಂವ್ರಿ” ಎಂದ. ದೇಶದ ಗಡಿ ಕಾಯ್ದವನು ತಮ್ಮನ ಪಡಸಾಲೆಯಲ್ಲಿ ಹಾಸಿಗೆ ಹಾಸುವಂತಾಯಿತಲ್ಲ ಎಂದು ಆ ದಿನ ಪಾಠ ಮಾಡಲು ಮನಸ್ಸಾಗಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಗೆ ಸೈನ್ಯ ಹೊಸದಲ್ಲ. ಮಳೆ ನಂಬಿದ ಹೊಲದಲ್ಲಿ ಎಲ್ಲರ ಹೊಟ್ಟೆ ತುಂಬದು ಎಂದು ಹದಿನೆಂಟು, ಇಪ್ಪತ್ತರ ವಯಸ್ಸಿಗೆ ಭರ್ತಿಯಾದವರು ಹಲವರು. ಸೇವೆಯಲ್ಲಿರುವಷ್ಟು ದಿನ ಬ್ಯಾರಕ್ಕೋ ಸರ್ಕಾರಿ ವಸತಿಯೋ ಇರುತ್ತದೆ. ತಿರುಗಿ ಬರುವ ಹೊತ್ತಿಗೆ ಹೊಲ ಪಾಲಾಗಿರುತ್ತದೆ, ಹಳೆಯ ಮಣ್ಣಿನ ಮನೆ ಬಿದ್ದಿರುತ್ತದೆ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿನ ಊರುಗಳಲ್ಲಿ ಹುಟ್ಟಿದ ಮನೆಯೇ ನೀರಿನಡಿ ಹೋಗಿದೆ.

ನಿವೃತ್ತ ಸೈನಿಕರಿಗೆಲ್ಲ ಪಿಂಚಣಿ ಬರುತ್ತದೆಂಬುದು ತಪ್ಪು ತಿಳಿವಳಿಕೆ. ಜವಾನರಿಗೆ ಸಾಮಾನ್ಯವಾಗಿ 15 ವರ್ಷದ ಸೇವೆ ಬೇಕು. ನಮ್ಮ ಹುಡುಗನ ಮುತ್ಯಾ ಒಪ್ಪಂದದ ಅವಧಿ ಮುಗಿದು, ಗ್ರಾಚ್ಯುಟಿಯಷ್ಟೇ ಪಡೆದು ಬಂದವರು. ಆ ಹಣ ತಂಗಿಯ ಮದುವೆಗೆ ಮುಗಿಯಿತು.

ಇಂಥವರಿಗೆ ಸರ್ಕಾರದಲ್ಲಿ ದಾರಿಯಿಲ್ಲವೇ? ಇದೆ, ಆದರೆ ಒಂದೇ ಬಾಗಿಲಿಲ್ಲ. ಇಂದಿರಾ ಆವಾಸ್ ಯೋಜನೆಯನ್ನು 1995-96ರಲ್ಲಿ ಹುತಾತ್ಮ ಯೋಧರ ಪತ್ನಿಯರಿಗೂ ಮಾಜಿ ಸೈನಿಕರಿಗೂ ವಿಸ್ತರಿಸಲಾಯಿತು. 2016ರಲ್ಲಿ ಅದರ ಜಾಗಕ್ಕೆ ಬಂದದ್ದು ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ. ಬಯಲು ಸೀಮೆಯಲ್ಲಿ ಮನೆಗೆ 1,20,000 ರೂಪಾಯಿ ಕಂತುಗಳಲ್ಲಿ ಬರುತ್ತದೆ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಮಕ್ಕಳೇ, ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಅಳೆದು ನೋಡಿ. ಅಡುಗೆಯ ಜಾಗವೂ ಅದರಲ್ಲೇ! ಕರ್ತವ್ಯದಲ್ಲಿ ಮಡಿದ ಯೋಧನ ಕುಟುಂಬಕ್ಕೆ ಇದರಲ್ಲಿ ಆದ್ಯತೆಯಿದೆ. ಜಾಗವಿಲ್ಲದವರಿಗೆ ನಿವೇಶನ ಕೊಡುವ ಹೊಣೆ ರಾಜ್ಯದ್ದು. ಕರ್ನಾಟಕದ 1969ರ ಭೂ ಮಂಜೂರಾತಿ ನಿಯಮಗಳಲ್ಲೂ ಶೇಕಡಾ 10ರಷ್ಟು ಜಮೀನು ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲು. 1978ರಲ್ಲಿ ಹುಟ್ಟಿದ ಸೇನಾ ವಸತಿ ಸಂಸ್ಥೆ ಕಟ್ಟುವುದು ಪಟ್ಟಣಗಳಲ್ಲಿ, ದುಡ್ಡು ಕಟ್ಟಬಲ್ಲವರಿಗೆ.

ತೊಡಕು ಎಲ್ಲಿದೆ ನೋಡಿ. ಕುಟುಂಬದ ಯಾರೊಬ್ಬರ ಗಳಿಕೆ ತಿಂಗಳಿಗೆ 15,000 ರೂಪಾಯಿ ಮೀರಿದರೂ ಆವಾಸ್ ಮನೆ ಸಿಗದು. ಪಿಂಚಣಿ ಬರುವ ಅನೇಕರು ಅಲ್ಲೇ ಹೊರಗುಳಿಯುತ್ತಾರೆ. ಪಿಂಚಣಿ ಇಲ್ಲದ ಬಡವನಿಗೆ ಅರ್ಹತೆ ಇರುತ್ತದೆ, ಕಾಗದ ಇರುವುದಿಲ್ಲ. ಇನ್ನೊಂದು ಮಾತು: ಪಿಂಚಣಿಗೆ ಮುನ್ನವೇ ಸ್ವಂತ ಕೋರಿಕೆಯ ಮೇಲೆ ಸೇವೆ ಬಿಟ್ಟವರನ್ನು ನಿಯಮದ ಪ್ರಕಾರ ‘ಮಾಜಿ ಸೈನಿಕ’ ಎಂದು ಪರಿಗಣಿಸುವುದಿಲ್ಲ. ಹೀಗಾಗಿ ಬಿಡುಗಡೆಯ ಕಾರಣ ಬರೆದಿರುವ ಡಿಸ್ಚಾರ್ಜ್ ಪುಸ್ತಕವೇ ಎಲ್ಲಕ್ಕೂ ಆಧಾರ.

ವಿಜ್ಞಾನದಲ್ಲಿ ನಾವು ಮೊದಲು ಕಲಿಸುವುದು ಅಳೆಯುವುದನ್ನು. ಅಮೆರಿಕದಲ್ಲಿ ಪ್ರತಿ ಜನವರಿಯ ಒಂದು ರಾತ್ರಿ ಮನೆಯಿಲ್ಲದವರನ್ನು ಎಣಿಸುತ್ತಾರೆ. ಅವರಲ್ಲಿ ಮಾಜಿ ಸೈನಿಕರೆಷ್ಟು ಎಂದೂ ಕೇಳುತ್ತಾರೆ. 2010ರಲ್ಲಿ 74,000ಕ್ಕೂ ಹೆಚ್ಚಿದ್ದವರು 2024ಕ್ಕೆ 32,882ಕ್ಕೆ ಇಳಿದರು. ಅಲ್ಲಿ ಬಾಡಿಗೆಗೆ ನೆರವು ಕೊಡುವುದರ ಜೊತೆಗೆ ಚಿಕಿತ್ಸೆ, ಸಲಹೆಗಳನ್ನೂ ಒದಗಿಸುತ್ತಾರೆ. ನಮ್ಮ 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಮನೆಯಿಲ್ಲದವರನ್ನು ಎಣಿಸಿತು. ಸೈನ್ಯದಲ್ಲಿದ್ದಿರಾ ಎಂದು ಕೇಳಲಿಲ್ಲ. ಪಡಸಾಲೆಯಲ್ಲಿ ಮಲಗುವ ಮುತ್ಯಾ ಅಂತೂ ಆ ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಅವರ ತಲೆಯ ಮೇಲೆ ಯಾರದೋ ಸೂರಿದೆ.

ಎಣಿಸುವ ಕೆಲಸ ನಮ್ಮೂರಿನಲ್ಲಿ ನಾವೇ ಮಾಡಬಹುದು. ಪಾಲಕರೇ, ಮನೆಯ ಹಳೆಯ ಟ್ರಂಕು ತೆರೆಯಿರಿ. ಡಿಸ್ಚಾರ್ಜ್ ಪುಸ್ತಕ ಸಿಕ್ಕರೆ ವಿಜಯಪುರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ನೋಂದಾಯಿಸಿ ಗುರುತಿನ ಚೀಟಿ ಪಡೆಯಿರಿ. ಪುಸ್ತಕ ಕಳೆದಿದ್ದರೆ ಸೇನಾ ಸಂಖ್ಯೆ ಬರೆದು ಅವರ ರೆಜಿಮೆಂಟಿನ ದಾಖಲೆ ಕಚೇರಿಗೆ ಪತ್ರ ಹಾಕಿ. ವಿಧವೆಯ ಹೆಸರು ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಸರಿಪಡಿಸಿ. ಗ್ರಾಮಸಭೆಯಲ್ಲಿ ವಸತಿ ಪಟ್ಟಿ ಓದುವಾಗ ತಪ್ಪದೆ ಹಾಜರಿರಿ.

ಮನೆ ಬರುವವರೆಗೂ ಹೊಟ್ಟೆಗೆ ದಾರಿಯಿದೆ. 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ, ಪಿಂಚಣಿಯಿಲ್ಲದ ಬಡ ಮಾಜಿ ಸೈನಿಕರಿಗೂ ಅಂಥವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯ ನೆರವನ್ನು 2025ರಲ್ಲಿ ತಿಂಗಳಿಗೆ 4,000ದಿಂದ 8,000 ರೂಪಾಯಿಗೆ ಏರಿಸಲಾಗಿದೆ.

ನಮ್ಮ ಹುಡುಗ ಮುತ್ಯಾನ ಟ್ರಂಕು ತೆಗೆಸಿದ. ಕಂಬಳಿಯ ಕೆಳಗೆ ಪುಸ್ತಕವಿತ್ತು, ಅಂಚು ಇಲಿ ತಿಂದಿದ್ದರೂ ಸೇನಾ ಸಂಖ್ಯೆ ಉಳಿದಿತ್ತು. ಅರ್ಜಿಯನ್ನು ಹುಡುಗನೇ ಮುದ್ದಾದ ಅಕ್ಷರದಲ್ಲಿ ಬರೆದ. ನಾನು ಓದಿ ನೋಡಿದೆ. “ಐವತ್ತು ವರ್ಷದಾಗ ಯಾರೂ ಇದನ್ನ ಕೇಳಿರಲಿಲ್ರಿ ಮಾಸ್ತರ” ಎಂದರು ಮುತ್ಯಾ. ಮನೆ ಇನ್ನೂ ಬಂದಿಲ್ಲ. ಆದರೆ ಅವರ ಹೆಸರು ಈಗ ಒಂದು ಲೆಕ್ಕದಲ್ಲಿದೆ. ನಿಮ್ಮ ಓಣಿಯಲ್ಲಿ ಲೆಕ್ಕಕ್ಕೆ ಬಾರದವರು ಯಾರಿದ್ದಾರೆ? ಈ ರವಿವಾರ ಹೋಗಿ ಕೇಳಿ ಬನ್ನಿ.