ಹೆಸರಘಟ್ಟದ ಹುಲ್ಲುಗಾವಲು: ಬೇಲಿ ಬೇಡ, ಕಾಲುದಾರಿ ಇರಲಿ

ಹೆಸರಘಟ್ಟ ಎಂದರೆ ಬೆಂಗಳೂರಿನ ಹೆಚ್ಚಿನವರಿಗೆ ನೆನಪಾಗುವುದು ಕೆರೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿಸಿದ ಈ ಕೆರೆಯಿಂದಲೇ ನಗರಕ್ಕೆ ಮೊದಲ ಬಾರಿಗೆ ಕೊಳವೆಯಲ್ಲಿ ನೀರು ಹರಿದು ಬಂತು. ತೋಟಗಾರಿಕಾ ಸಂಶೋಧನಾ ಸಂಸ್ಥೆ, ಪಶುಸಂಗೋಪನಾ ಇಲಾಖೆಯ ಫಾರಂಗಳು, ನೃತ್ಯಗ್ರಾಮ ಎಲ್ಲವೂ ಆಮೇಲಿನವು. ಕೆರೆಯ ಆಸುಪಾಸಿನಲ್ಲೇ ನೂರಾರು ಎಕರೆ ಹುಲ್ಲುಗಾವಲು ಹಬ್ಬಿದೆ. ಕೆಂಪು ಮಣ್ಣು, ಗರಸು ನೆಲ, ಅಲ್ಲಲ್ಲಿ ಮುಳ್ಳಿನ ಪೊದೆ. ಮಳೆಗಾಲದಲ್ಲಿ ಹಸಿರು, ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಣಹುಲ್ಲಿನ ಬಣ್ಣ. ಮಧ್ಯೆ ದನಕರುಗಳೂ ಮನುಷ್ಯರೂ ತುಳಿದು ತುಳಿದು ಮೂಡಿದ ಕಾಲುದಾರಿಗಳು. ಈ ಹುಲ್ಲುಗಾವಲನ್ನು ಉದ್ಯಾನ ಮಾಡಿದರೂ ಉಳಿಯುವುದಿಲ್ಲ, ಬೇಲಿ ಹಾಕಿ ಬೀಗ ಜಡಿದರೂ ಉಳಿಯುವುದಿಲ್ಲ. ಇಲ್ಲಿ ನಡೆಯುವವರು, ದನ ಮೇಯಿಸುವವರು ಇದನ್ನು ತಮ್ಮದೆಂದು ನೋಡಿಕೊಂಡರೆ ಮಾತ್ರ ಉಳಿದೀತು ಎಂಬುದು ಈ ಲೇಖನದ ವಾದ.

ಇಲ್ಲಿನ ಬದುಕು ಮರದ ಮೇಲಿನದಲ್ಲ, ನೆಲದ ಮೇಲಿನದು. ನೆಲಗುಬ್ಬಿ, ಬುರ್ಲಿ, ಟಿಟ್ಟಿಭ ಎಲ್ಲವೂ ನೆಲದಲ್ಲೇ ಮೊಟ್ಟೆ ಇಡುತ್ತವೆ. ಟಿಟ್ಟಿಭದ ಗೂಡನ್ನು ಗೂಡೆಂದು ಕರೆಯುವುದೇ ಕಷ್ಟ. ಅಂಗೈಯಗಲದ ಒಂದು ತಗ್ಗು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕಿ ಇರುವುದರಿಂದ ಸುತ್ತಲಿನ ಗರಸುಕಲ್ಲಿನ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ದನ ಹತ್ತಿರ ಬಂದರೆ ತಾಯಿಹಕ್ಕಿ ರೆಕ್ಕೆ ಬಿಚ್ಚಿ, ಅರಚಿ, ಎದುರು ನಿಂತು ಅದನ್ನು ಪಕ್ಕಕ್ಕೆ ಸರಿಸುತ್ತದೆ. ಕಾಲುದಾರಿಯಲ್ಲಿ ಹೋಗುವವನಿಗೂ ಅದರ ಕೂಗು ಕೇಳಿಸುತ್ತದೆ, ಸುತ್ತಿ ಹೋಗುತ್ತಾನೆ. ಹುಲ್ಲಿನ ಮೇಲೆಯೇ ಜೀಪು ಓಡಿಸುವವನಿಗೆ ಅದು ಕೇಳಿಸುವುದಿಲ್ಲ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ (ಹ್ಯಾರಿಯರ್) ಹಕ್ಕಿಗಳೂ ರಾತ್ರಿ ತಂಗುವುದು ಮರದ ಕೊಂಬೆಯಲ್ಲಲ್ಲ, ಎತ್ತರದ ಹುಲ್ಲಿನ ಮರೆಯ ನೆಲದಲ್ಲಿ. ಅಳಿವಿನಂಚಿನಲ್ಲಿರುವ ಲೆಸ್ಸರ್ ಫ್ಲಾರಿಕನ್ ಕೂಡ ಇಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದೆ. ದೇಶದ ಹುಲ್ಲುಗಾವಲುಗಳು ಕರಗುತ್ತಿರುವುದರ ಜೊತೆಗೇ ಕರಗುತ್ತಿರುವ ಹಕ್ಕಿ ಅದು.

ಇಷ್ಟೆಲ್ಲ ಇದ್ದರೂ ಸರ್ಕಾರಿ ಕಡತದಲ್ಲಿ ಹುಲ್ಲುಗಾವಲಿಗೆ ಬೆಲೆ ಕಡಿಮೆ. ದೇಶದ ಪಾಳುಭೂಮಿ ನಕ್ಷೆಗಳು ಇಂಥ ಬಯಲುಗಳನ್ನು ಪಾಳು ಎಂದೇ ಗುರುತಿಸುತ್ತ ಬಂದಿವೆ. ಪಾಳು ಎಂದಮೇಲೆ ಯಾರು ಏನು ಕೇಳಿದರೂ ಕೊಡಬಹುದು. ಇಲ್ಲಿಗೆ ಚಿತ್ರನಗರಿಯ ಪ್ರಸ್ತಾವ ಬಂದದ್ದು ಹಾಗೆ. ಕಟ್ಟಡವನ್ನು ವಿರೋಧಿಸುವವರಲ್ಲೂ ಕೆಲವರು, ಖಾಲಿ ಬಿಡುವ ಬದಲು ಗಿಡ ನೆಡಬಾರದೇ ಎಂದು ಕೇಳುತ್ತಾರೆ. ಒಳ್ಳೆಯ ಮನಸ್ಸಿನ ಪ್ರಶ್ನೆ, ಆದ್ದರಿಂದಲೇ ಹೆಚ್ಚು ಅಪಾಯದ್ದು. ಬಯಲಿನಲ್ಲಿ ಸಾಲುಮರ ಎದ್ದರೆ ಕಾಗೆ, ಹದ್ದುಗಳಿಗೆ ಕೂತು ನೋಡುವ ಜಾಗ ಸಿಗುತ್ತದೆ, ನೆಲದ ಮೊಟ್ಟೆಗಳು ಒಂದೊಂದಾಗಿ ಹೋಗುತ್ತವೆ. ನೆರಳು ಬಿದ್ದಲ್ಲಿ ಬಿಸಿಲು ಬೇಡುವ ಹುಲ್ಲು ಸಾಯುತ್ತದೆ. ಇಂಗಾಲ ಹಿಡಿದಿಡುವುದು ಮರವೊಂದೇ ಅಲ್ಲ. ಹುಲ್ಲು ತನ್ನ ಪಾಲನ್ನು ಬೇರಿನಲ್ಲಿ, ಮಣ್ಣಿನೊಳಗೆ ಇಡುತ್ತದೆ, ಮೇಲೆ ಬೆಂಕಿ ಬಿದ್ದರೂ ಅದರ ಬಹುಪಾಲು ಅಲ್ಲೇ ಇರುತ್ತದೆ. ಅದೇ ಬೇರು ಮಳೆನೀರನ್ನು ತಡೆದು ಇಂಗಿಸುತ್ತದೆ. ಕೆರೆಯ ಜಲಾನಯನದಲ್ಲಿರುವ ಹುಲ್ಲನ್ನು ಖಾಲಿ ಜಾಗ ಎನ್ನುವುದು ಲೆಕ್ಕ ಬಾರದವರ ಮಾತು.

ನಮ್ಮ ಕಂದಾಯ ವ್ಯವಸ್ಥೆಗೆ ಈ ತಿಳಿವಳಿಕೆ ಹೊಸದಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಹಳ್ಳಿಯ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಊರಿಂದೂರಿಗೆ ಹೋಗುವ ಹಾದಿಗಳು ನಕಾಶೆ ಕಂಡ ದಾರಿ ಎಂದು ಗ್ರಾಮನಕ್ಷೆಯಲ್ಲಿ ದಾಖಲಾಗಿರುತ್ತವೆ. ಹೆಸರಘಟ್ಟದ ಬಯಲಿನ ಬಹುಪಾಲು ಪಶುಸಂಗೋಪನಾ ಇಲಾಖೆಯ ಜಮೀನು, ಗೋಮಾಳವಲ್ಲ. ಆದರೂ ಸುತ್ತಲಿನ ಹಳ್ಳಿಗಳ ದನ, ಕುರಿ ಮೇಯುವುದು ಇಲ್ಲೇ. ಮೇಯುವುದರಿಂದಲೇ ಹುಲ್ಲು ಹಾಳಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಒಂದೇ ಕಡೆ ವರ್ಷಪೂರ್ತಿ ಮಂದೆ ಬಿಟ್ಟರೆ ನೆಲ ಬೋಳಾಗುತ್ತದೆ, ಸೆಳೆವಕ್ಕೆ ತಂಗಲು ಮರೆ ಇರುವುದಿಲ್ಲ. ಆದರೆ ಮೇಯಿಸುವುದನ್ನು ಪೂರಾ ನಿಲ್ಲಿಸಿದರೆ ಪೊದೆ, ಲಂಟಾನ ಏರುತ್ತವೆ, ಒಣಹುಲ್ಲು ಪೇರಿಕೊಂಡು ಬೇಸಿಗೆಯ ಬೆಂಕಿಗೆ ಉರುವಲಾಗುತ್ತದೆ. ಯಾವ ತುಂಡನ್ನು ಯಾವ ತಿಂಗಳು ಬಿಡಬೇಕು, ಎಲ್ಲಿ ಹುಲ್ಲನ್ನು ಮಾಗಿಯವರೆಗೆ ನಿಲ್ಲಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರಿಸಲು ಹಕ್ಕಿ ಬಲ್ಲವರೂ ಬೇಕು, ಕುರಿ ಬಲ್ಲವರೂ ಬೇಕು. ದಿನವೂ ಬಯಲಿನಲ್ಲಿರುವ ಕುರಿಗಾಹಿಗೆ ಹೊಗೆ ಎದ್ದದ್ದೂ, ರಾತ್ರಿ ಲಾರಿ ಬಂದು ಕಸ ಸುರಿದದ್ದೂ ಮೊದಲು ತಿಳಿಯುತ್ತದೆ. ಅವನನ್ನು ಹೊರಗೆ ಹಾಕಿ ಕಾವಲುಗಾರನನ್ನು ನೇಮಿಸುವುದು ದುಡ್ಡಿಗೂ ದಂಡ, ಬಯಲಿಗೂ ನಷ್ಟ.

ಈ ಬಯಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತು. ಸ್ಥಳೀಯರ ಬದುಕಿಗೆ ತೊಂದರೆ ಎಂಬ ಕಾರಣ ಆಗ ಮುಂದೆ ಬಂದಿತ್ತು. ಪರಿಸರಾಸಕ್ತರು ಹೈಕೋರ್ಟ್ ಮೆಟ್ಟಿಲೇರಿದರು. 2024ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅಧ್ಯಕ್ಷತೆಯ ಮಂಡಳಿ ಸುಮಾರು 5,678 ಎಕರೆಯ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಹಳ್ಳಿಗರ ಆತಂಕಕ್ಕೆ ಕಾನೂನಿನಲ್ಲೇ ಉತ್ತರವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಂ ಪ್ರಕಾರ ಇಂಥ ಮೀಸಲಿಗೆ ಸರ್ಕಾರಿ ಭೂಮಿಯನ್ನು ಮಾತ್ರ ಸೇರಿಸಬಹುದು, ಅದೂ ಸ್ಥಳೀಯರ ಜೊತೆ ಸಮಾಲೋಚಿಸಿದ ಮೇಲೆ. ರೈತರ ಪಟ್ಟಾ ಜಮೀನು ಇದರೊಳಗೆ ಬರುವುದಿಲ್ಲ. 36ಬಿ ಕಲಂ ನಿರ್ವಹಣಾ ಸಮಿತಿಯೊಂದನ್ನು ಹೇಳುತ್ತದೆ. ಅದರಲ್ಲಿ ವ್ಯಾಪ್ತಿಗೆ ಬರುವ ಪ್ರತಿ ಪಂಚಾಯಿತಿಯ ಒಬ್ಬ ಪ್ರತಿನಿಧಿ, ವನ್ಯಜೀವಿ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ತಲಾ ಒಬ್ಬರು ಇರಬೇಕು. ಕೊರತೆಯೂ ಇಲ್ಲೇ ಇದೆ. ಸಮಿತಿಗೆ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ, ತೀರ್ಮಾನ ಇಲಾಖೆಯದು. ಸಲಹೆ ಕೊಟ್ಟದ್ದೇನು, ಇಲಾಖೆ ಒಪ್ಪಿದ್ದೇನು ಎಂಬುದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟದಿದ್ದರೆ ಸಮಿತಿ ಹೆಸರಿಗಷ್ಟೇ ಆಗುತ್ತದೆ.

ನಗರದವರಿಗೆ ಇಲ್ಲಿ ಓಡಾಡುವ ಹಕ್ಕಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ಇರಬೇಕು. ಜನ ಕಾಣದ ಜಾಗಕ್ಕಾಗಿ ಯಾರೂ ಹೋರಾಡುವುದಿಲ್ಲ. ಆದರೆ ಆ ಹಕ್ಕು ಕಾಲ್ನಡಿಗೆಯದು, ಚಕ್ರದ್ದಲ್ಲ. ಇದಕ್ಕೆ ಕಾಂಕ್ರೀಟ್ ಪಥವೂ ಬೇಡ, ಬೆಂಚು, ದೀಪದ ಕಂಬವೂ ಬೇಡ. ಇರುವ ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಬಯಲಿಗೆ ವಾಹನ ಇಳಿಯುವ ಜಾಗಗಳಲ್ಲಿ ಕಂದಕ ತೋಡಿದರೆ ಅರ್ಧ ಕೆಲಸ ಮುಗಿಯಿತು. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೋಗುವವರು ಕಾರನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಿ, ದಾರಿ ಬಿಡದೆ ನಡೆಯಿರಿ. ಸುತ್ತಲಿನ ಊರಿನವರು ಮುಂದಿನ ಗ್ರಾಮಸಭೆಯಲ್ಲಿ ಒಂದು ಮಾತು ಎತ್ತಿ: ಸಮಿತಿಗೆ ಪಂಚಾಯಿತಿಯಿಂದ ಹೋಗುವ ಪ್ರತಿನಿಧಿ ದನ ಕುರಿ ಸಾಕುವವರೇ ಆಗಿರಲಿ.