ಜೀವಕೋಶದೊಳಗಿನ ಒಲೆ

ಕನ್ನಡದಲ್ಲಿ ‘ಉಸಿರು’ ಎಂದರೆ ಶ್ವಾಸವೂ ಹೌದು, ಪ್ರಾಣವೂ ಹೌದು. ಮೂಗಿನಿಂದ ಗಾಳಿಯನ್ನು ಎಳೆದು ಬಿಡುವುದಷ್ಟೇ ಉಸಿರಾಟವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಿಜವಾದ ಉಸಿರಾಟ ನಡೆಯುವುದು ಬರಿಗಣ್ಣಿಗೆ ಕಾಣದ ಜೀವಕೋಶಗಳಲ್ಲಿ. ಶ್ವಾಸಕೋಶವು ಹೆಬ್ಬಾಗಿಲು ಮಾತ್ರ. ಒಲೆ ಇರುವುದು ಒಳಮನೆಯಲ್ಲಿ.

ಒಲೆಯೆಂಬ ಹೋಲಿಕೆಯನ್ನು ಸುಮ್ಮನೆ ಹೇಳಿದ್ದಲ್ಲ. ಫ್ರಾನ್ಸಿನ ಲವಾಸಿಯೇ 1780ರ ದಶಕದಲ್ಲಿ ಲಪ್ಲಾಸನೊಡಗೂಡಿ, ಗಿನಿಯಿಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿರಿಸಿ, ಅದರ ಮೈಶಾಖಕ್ಕೆ ಕರಗಿದ ಮಂಜನ್ನು ಅಳೆದು, ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೇ ಎಂದು ತೋರಿಸಿದನು. ಆದರೆ ಜೀವಕೋಶವು ಸಕ್ಕರೆಯನ್ನು ಒಮ್ಮೆಗೇ ಭಗ್ಗನೆ ಉರಿಸುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಒಡೆದು, ಹೊರಬಂದ ಶಕ್ತಿಯಲ್ಲಿ ಒಂದು ಪಾಲನ್ನು ಎ.ಟಿ.ಪಿ. ಎಂಬ ವಸ್ತುವಿನಲ್ಲಿ ಕೂಡಿಡುತ್ತದೆ. ಇದು ಕೋಶದ ಚಿಲ್ಲರೆ ನಾಣ್ಯ. 1929ರಲ್ಲಿ ಇದನ್ನು ಗುರುತಿಸಿದವರಲ್ಲಿ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಒಬ್ಬರು.

ಮೊದಲ ಹಂತಕ್ಕೆ ಗಾಳಿ ಬೇಕಿಲ್ಲ. ಗ್ಲೂಕೋಸಿನ ಒಂದು ಅಣು ಇಬ್ಭಾಗವಾಗಿ 2 ಎ.ಟಿ.ಪಿ. ನಿವ್ವಳವಾಗಿ ದೊರೆಯುತ್ತವೆ. ಆಮ್ಲಜನಕವಿದ್ದರೆ ಆ ತುಂಡುಗಳು ಮೈಟೊಕಾಂಡ್ರಿಯವೆಂಬ ಕೋಶಾಂಗವನ್ನು ಹೊಕ್ಕು ಪೂರ್ತಿಯಾಗಿ ಒಡೆಯುತ್ತವೆ. ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಒಟ್ಟು ಗಳಿಕೆ ಸುಮಾರು 30 ಎ.ಟಿ.ಪಿ. ಇದು ವಾಯುಸಹಿತ ಶ್ವಸನ. ಈ ಹಾದಿಯ ಮುಖ್ಯ ಚಕ್ರವನ್ನು 1937ರಲ್ಲಿ ವಿವರಿಸಿದ ಹ್ಯಾನ್ಸ್ ಕ್ರೆಬ್ಸ್ ಅವರಿಗೆ 1953ರಲ್ಲಿ ನೊಬೆಲ್ ಬಹುಮಾನ ಸಂದಿತು.

ಆಮ್ಲಜನಕವಿಲ್ಲದಿದ್ದರೆ? ಆಗ ಎರಡರಲ್ಲಿಯೇ ತೃಪ್ತಿಪಡಬೇಕು. ಇದು ವಾಯುರಹಿತ ಶ್ವಸನ. ಯೀಸ್ಟ್ ಹೀಗೆಯೇ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಬಸ್ಸು ಹಿಡಿಯಲು ಓಡಿದಾಗ ನಮ್ಮ ತೊಡೆಯ ಸ್ನಾಯುಗಳಿಗೆ ರಕ್ತವು ತಂದೊದಗಿಸುವ ಆಮ್ಲಜನಕ ಸಾಲದು. ಅವು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ತತ್ಕಾಲಕ್ಕೆ ಶಕ್ತಿ ಪಡೆಯುತ್ತವೆ. ನಿಂತ ಮೇಲೂ ಏದುಸಿರು ಬಿಡುವುದು ಈ ಸಾಲವನ್ನು ತೀರಿಸುವುದಕ್ಕೂ ಹೌದು. ಮರುದಿನದ ಕಾಲುನೋವಿಗೆ ಮಾತ್ರ ಈ ಆಮ್ಲವನ್ನು ದೂರುವುದು ಸರಿಯಲ್ಲ. ಅದು ಅಷ್ಟು ಹೊತ್ತು ಉಳಿಯುವುದಿಲ್ಲ.

ಸ್ನಾಯು ಸಾಲದ ಮೇಲೆ ಸ್ವಲ್ಪ ಕಾಲ ನಡೆದೀತು. ಮಿದುಳಿಗೆ ಆ ಅನುಕೂಲವಿಲ್ಲ. ಆಮ್ಲಜನಕ ನಿಂತ ನಾಲ್ಕೈದು ನಿಮಿಷಗಳಲ್ಲಿ ಅದರ ಕೋಶಗಳು ಹಾಳಾಗತೊಡಗುತ್ತವೆ.

ಇದರಲ್ಲಿ ನಮ್ಮ ನಾಡಿನವರು ಮರೆಯಬಾರದ ಎಚ್ಚರಿಕೆಯೊಂದಿದೆ. ಹಗೇವಿನಲ್ಲಿ ತುಂಬಿದ ರಾಗಿಯೂ ಜೀವವುಳ್ಳದ್ದು, ಅದೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು, ಬೂಷ್ಟುಗಳು ಸೇರಿ ಆಮ್ಲಜನಕವನ್ನು ತೀರಿಸುತ್ತವೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದುದರಿಂದ ಬಾಯಿ ತೆರೆದರೂ ಬೇಗನೆ ಹೊರಹೋಗದು. ಹುಳು ಸತ್ತು ಕಾಳು ಉಳಿಯುವುದು ಇದರಿಂದಲೇ; ಅವಸರದಿಂದ ಇಳಿದವನು ಪ್ರಾಣ ಬಿಡುವುದೂ ಇದರಿಂದಲೇ. ‘ಹಗೆ’ ಎಂಬ ಮಾತು ಧಾನ್ಯದ ಗುಂಡಿಗೂ ಶತ್ರುವಿಗೂ ಸಲ್ಲುವುದು ಕಾಕತಾಳೀಯವಿರಬಹುದು, ನೆನಪಿಡಲಂತೂ ತಕ್ಕುದಾಗಿದೆ.

ಹಿರಿಯರು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಅಪಾಯ ಖಂಡಿತ. ಉರಿದರೂ ಅದೊಂದನ್ನೇ ನಂಬಿ ಇಳಿಯತಕ್ಕದ್ದಲ್ಲ. ಮಲಗುಂಡಿಯಲ್ಲಿ ಹೊತ್ತಿಕೊಳ್ಳುವ ಅನಿಲವಿರುವುದರಿಂದ ಅಲ್ಲಿ ದೀಪವೇ ಅಪಾಯ. ಒಳಗೆ ಕುಸಿದವನನ್ನು ಎತ್ತಲೆಂದು ಇನ್ನೊಬ್ಬನು ಹಾಗೆಯೇ ಇಳಿದರೆ ಒಂದರ ಬದಲು ಎರಡು ಜೀವ ಹೋಗುತ್ತದೆ. ಅಂಥ ಸಮಯದಲ್ಲಿ ಯಾರನ್ನೂ ಇಳಿಯಗೊಡದೆ ಅಗ್ನಿಶಾಮಕ ದಳದವರನ್ನು ಕೂಡಲೆ ಕರೆಯುವುದೇ ವಿವೇಕ.